ಹುಳ ಸಾಕು

ಎಣ್ಣೆಗಾಯಿಯನ್ನು ರೊಟ್ಟಿಯ ತುಂಡಿನಿಂದ ಒತ್ತಿದಾಗ ಮಸಾಲೆಯ ಜೊತೆಗೆ ಒಂದು ಬೆಂದ ಹುಳವೂ ಹೊರಗೆ ಬಂತು. ಇಂದುಮತಿ ಅದನ್ನು ಮೊದಲು ಶೇಂಗಾದ ತುಣುಕೆಂದುಕೊಂಡಳು. ಆಮೇಲೆ ಅದರ ಕಂದು ತಲೆ ಕಂಡಿತು. ಬಾಯಲ್ಲಿದ್ದ ತುತ್ತನ್ನು ನುಂಗುವುದೋ ಉಗುಳುವುದೋ ತಿಳಿಯದೆ ಕೆನ್ನೆ ಉಬ್ಬಿಸಿಕೊಂಡು ಕೂತಳು. ಹುಳಗಳ ಶಾಸ್ತ್ರವನ್ನೇ ಓದಿ ಪದವಿ ಪಡೆದವಳು, ಹುಳಗಳ ದೆಸೆಯಿಂದಲೇ ಸಂಬಳ ತೆಗೆದುಕೊಳ್ಳುವವಳು. ಆದರೂ ತಟ್ಟೆಯಲ್ಲಿ ಕಂಡ ಹುಳದ ಮುಂದೆ ಆ ಓದು ಕೆಲಸಕ್ಕೆ ಬರಲಿಲ್ಲ.

"ಬಾಜೂಕ ಸರಿಸಿ ಉಣ್ಣವಾ," ಅಂದಳು ಚಿಗವ್ವ ನೀಲವ್ವ. "ಹೆಚ್ಚೂ ಮುಂದ ಒಂದೊಂದೂ ತಿರುವಿ ತಿರುವಿ ನೋಡೀನಿ. ಆದ್ರೂ ಒಂದು ತಪ್ಪಿಸ್ಕೊಂತು. ಬುಟ್ಟಿ ಬದನಿಕಾಯಾಗ ಅರ್ಧ ತಿಪ್ಪಿಗೆ ಹೊಂಟಾವು. ಎಷ್ಟಂತ ನೋಡ್ಲಿ?"

ನೀಲವ್ವ ಮುತ್ತಗಟ್ಟಿಯವಳು. ಬೆಳಗಾವಿಯಿಂದ ಬಸ್ಸು ಹತ್ತಿದರೆ ಚಹಾ ಆರುವುದರೊಳಗೆ ಬರುವ ಊರು. ಗಂಡ ಬಹಳ ಹಿಂದೆಯೇ ತೀರಿದ್ದ. ಅಕ್ಕ ಹೋದಾಗ ಅಕ್ಕನ ಮಗಳು ಇಂದುಮತಿಯನ್ನು ತಂದು ಬೆಳೆಸಿ, ಓದಿಸಿ, ದೊಡ್ಡವಳನ್ನಾಗಿ ಮಾಡಿದ್ದು ಬಾವಿಯ ಪಕ್ಕದ ಇದೊಂದು ಎಕರೆ ಬದನೆಯ ಹೊಲದ ಮೇಲೆ. ಸಂತೆಯಲ್ಲಿ ಆಕೆಯ ಬದನೆ ಬೇಕೆಂದು ಜನ ಹುಡುಕಿಕೊಂಡು ಬರುತ್ತಿದ್ದರು. ಅದೆಲ್ಲ ಗೂಡು ಬರುವ ಮುಂಚಿನ ಮಾತು.

ಗೂಡು ಅಂದರೆ ಹೊಲದ ನಡುವೆ ಕಂಬದ ಮೇಲೆ ಕೂತ, ಜೇನುಪೆಟ್ಟಿಗೆಯಷ್ಟು ದೊಡ್ಡ ಯಂತ್ರ. 'ಹೊಲಗಾವಲು' ಎಂಬ ಕಂಪನಿ ಅದನ್ನು ಸುತ್ತಲಿನ ಬದನೆ ಹೊಲಗಳಿಗೆಲ್ಲ ಪುಕ್ಕಟೆ ನೆಟ್ಟುಕೊಟ್ಟಿತ್ತು. ಗೂಡಿನ ಕಣ್ಣು ಗಿಡಗಳ ಮೇಲಿನ ಹುಳ ಎಣಿಸುತ್ತಿತ್ತು. ಹೊಟ್ಟೆಯಲ್ಲಿ ಸೊಳ್ಳೆಯಂಥ ಸಣ್ಣ ಕಣಜಗಳು ಬೆಳೆಯುತ್ತಿದ್ದವು. ಹುಳ ಹೆಚ್ಚಾದರೆ ಗೂಡು ಕಣಜಗಳನ್ನು ಹಾರಿಬಿಡುವುದು, ಅವು ಹುಳದ ಮೈಯೊಳಗೆ ಮೊಟ್ಟೆ ಇಡುವುದು, ಮರಿಗಳು ಹುಳವನ್ನು ಒಳಗಿನಿಂದಲೇ ತಿಂದು ಮುಗಿಸುವುದು. ನೋಡಲು ಅಸಹ್ಯ, ಕೆಲಸ ಚೊಕ್ಕ. ಔಷಧ ಹೊಡೆದು ವಾಂತಿ ಮಾಡಿಕೊಳ್ಳುವ ಕಾಟ ತಪ್ಪಿತಲ್ಲ ಎಂದು ಊರು ಖುಷಿಪಟ್ಟಿತ್ತು. ಗೂಡು ಇಲ್ಲದಿದ್ದರೆ ಎಷ್ಟು ಬೆಳೆ ಹಾಳಾಗುತ್ತಿತ್ತೆಂದು ಯಂತ್ರವೇ ಅಂದಾಜು ಹಾಕುತ್ತದೆ. ಹಾಗೆ ಹಾಳಾಗದೆ ಉಳಿದ ಬೆಳೆಯಲ್ಲಿ ಅರ್ಧ ಕಂಪನಿಗೆ. ಹೋಗಬೇಕಾದದ್ದು ಉಳಿಯಿತು, ಅರ್ಧ ಕೊಟ್ಟರೇನು ಎಂದು ಎಲ್ಲರೂ ತಲೆಯಾಡಿಸಿದ್ದರು.

ಇಂದುಮತಿಗೆ ಇದೇ ಕಂಪನಿಯಲ್ಲಿ ಕೆಲಸ. ಬೆಳಗಾವಿಯ ನಿಯಂತ್ರಣ ಕೊಠಡಿಯಲ್ಲಿ ಕೂತು ಯಾವ ಗೂಡಿನಲ್ಲಿ ಎಷ್ಟು ಕಣಜ ಬದುಕಿವೆ ಎಂದು ನೋಡುವುದು. ಆಕೆ ಭಾನುವಾರ ಊರಿಗೆ ಬಂದು ಊಟ ಮಾಡಿ ಮಧ್ಯಾಹ್ನದ ಬಸ್ಸಿಗೆ ಹೋಗಿಬಿಡುತ್ತಿದ್ದಳು. ಈ ಸಲ ಬಸ್ಸು ತಪ್ಪಿ ಸಂಜೆಯವರೆಗೆ ಉಳಿದಳು. ಹಾಗಾಗಿ ಚಿಗವ್ವ ಗೂಡಿನ ಜೊತೆ ಮಾತಾಡುವುದನ್ನು ಮೊದಲ ಸಲ ಕಿವಿಯಾರೆ ಕೇಳಿದಳು.

ಹೊತ್ತು ಇಳಿಯುತ್ತಿದ್ದಂತೆ ಗೂಡು ರೇಡಿಯೋದಲ್ಲಿ ವಾರ್ತೆ ಓದುವವರ ಧಾಟಿಯಲ್ಲಿ ಬಾಯಿಬಿಟ್ಟಿತು. "ನೀಲವ್ವನವರೇ, ಶುಭ ಸಂಜೆ. ಇಂದು ತಮ್ಮ ಹೊಲದಲ್ಲಿ ಹುಳುಗಳ ಸಂಖ್ಯೆ ಸಾಧಾರಣವಾಗಿದೆ. ತಮ್ಮ ಆದೇಶವೇನು?"

ನೀಲವ್ವ ಸೊಂಟದ ಮೇಲೆ ಕೈ ಇಟ್ಟು, ಬೇಸತ್ತ ದನಿಯಲ್ಲಿ, "ಸಾಕಪಾ, ಸಾಕು. ಹುಳ ಸಾಕು," ಅಂದಳು.

"ತಮ್ಮ ಒಪ್ಪಿಗೆಗೆ ಧನ್ಯವಾದಗಳು," ಅಂದಿತು ಗೂಡು. ಅದರ ನೆತ್ತಿಯ ಮೇಲೆ ಹಳದಿ ದೀಪ ಹತ್ತಿಕೊಂಡಿತು.

"ನೋಡು, ಎಷ್ಟು ಮರ್ಯಾದಿ," ನೀಲವ್ವ ನಕ್ಕಳು. "ದಿನಾ ಸಾಕು ಅಂತ ಹೇಳ್ತೀನಿ, ದಿನಾ ಧನ್ಯವಾದ ಅಂತೈತಿ. ಹುಳಾ ಮಾತ್ರ ಕಮ್ಮಿ ಆಗವಲ್ವು."

ಇಂದುಮತಿ ಹಳದಿ ದೀಪವನ್ನೇ ನೋಡುತ್ತ ನಿಂತುಬಿಟ್ಟಳು. ಹಸಿರು ದೀಪವೆಂದರೆ ಕಣಜ ಬಿಟ್ಟಂತೆ. ಹಳದಿ ಎಂದರೆ 'ಆಹಾರ ಬಿತ್ತನೆ'. ಹೊಲದಲ್ಲಿ ಹುಳ ಪೂರ್ತಿ ಇಲ್ಲವಾದರೆ ಕಣಜಗಳೂ ಉಪವಾಸ ಬಿದ್ದು ಸಾಯುತ್ತವೆ. ಅದಕ್ಕಾಗಿ ಗೂಡಿನ ತಣ್ಣನೆಯ ಅರೆಯಲ್ಲಿ ಕಾಯಿಕೊರಕ ಪತಂಗದ ಮೊಟ್ಟೆ ಇರುತ್ತದೆ. ರೈತ ಒಪ್ಪಿದರೆ ಸ್ವಲ್ಪ ಹೊಲಕ್ಕೆ ಚೆಲ್ಲಿ ಹುಳ ಬೆಳೆಸಬಹುದು. ಗೂಡಿಗೆ ಕಲಿಸಿದ ದಿನನಿತ್ಯದ ಆಜ್ಞೆಗಳು ಮೂರು: ಬಿಡು, ನಿಲ್ಲಿಸು, ಸಾಕು. ಆ ಮೂರನೆಯದು ದನ ಸಾಕು, ಕೋಳಿ ಸಾಕು ಅನ್ನುವ ಸಾಕು. ಸಾಕಪ್ಪಾ ಸಾಕು ಎಂದು ಕೈಮುಗಿಯುವ ಸಾಕು ಅಲ್ಲ. ಕೊಠಡಿಯ ಪರದೆಯ ಮೇಲೆ 'ರೈತರ ಒಪ್ಪಿಗೆ ಇದೆ' ಎಂದು ಬಂದಾಗೆಲ್ಲ ಇಂದುಮತಿ ರೈತರು ತಿಳಿದೇ ಒಪ್ಪಿದ್ದಾರೆಂದು ನಂಬಿದ್ದಳು. ತಿಳಿದು ಒಪ್ಪುವವರ ಲಕ್ಷಣ ಈಗ ಕಣ್ಣೆದುರೇ ಸೊಂಟದ ಮೇಲೆ ಕೈ ಇಟ್ಟು ನಿಂತಿತ್ತು.

ಇದಕ್ಕಿಂತ ಕೆಟ್ಟದ್ದೊಂದಿತ್ತು. ಮೂರು ಬೆಳೆ ಸಾಲಾಗಿ ಹುಳ ಸಾಕಲು ಒಪ್ಪಿದ ಹೊಲ ನಾಲ್ಕನೆಯ ಬೆಳೆಗೆ 'ಆಶ್ರಯ ಹೊಲ' ಆಗುತ್ತದೆ. ಅಲ್ಲಿಂದಾಚೆ ಅಲ್ಲಿ ಬದನೆ ಬೆಳೆಯುವುದು ಹುಳಕ್ಕಾಗಿ, ಮನುಷ್ಯರಿಗಲ್ಲ. ಒಂದು ಕಾಯಿಯನ್ನೂ ಉಣ್ಣಲು ಮಾರುವಂತಿಲ್ಲ. ಕಂಪನಿ ಬಾಡಿಗೆ ಕೊಡುತ್ತದೆ, ಅಷ್ಟೇ. ಇದು ನೀಲವ್ವನ ಮೂರನೆಯ ಬೆಳೆ. ದೀಪಾವಳಿಗೆ ಕೊಯ್ಲು ಮುಗಿದರೆ ಆಕೆಯ ಹೊಲ ಹುಳಗಳ ಪಾಲು. ಇಂದುಮತಿ ಚಿಗವ್ವನಿಗೆ ಏನೂ ಹೇಳದೆ ಬಸ್ಸು ಹತ್ತಿದಳು.

ಮರುದಿನ ಕೊಠಡಿಗೆ ಹೋದವಳೇ ದೊಡ್ಡ ಪರದೆಯ ಮೇಲೆ ಇಡೀ ಸೀಮೆಯ ನಕಾಶೆ ತೆರೆದಳು. ಎಲ್ಲಿ ನೋಡಿದರೂ ಹಳದಿ. ಈವರೆಗೆ ಅದು ಆಕೆಗೆ ಚೆಂದವಾಗಿಯೇ ಕಂಡಿತ್ತು, ಸೇವಂತಿಗೆಯ ತೋಟದ ಹಾಗೆ. ಈಗ ಹಳದಿಯ ಒಂದೊಂದು ಚುಕ್ಕೆಯೂ ಮಿಜಿಗುಡುವಂತೆ ಕಾಣತೊಡಗಿತು. ಅಷ್ಟೂ ಹೊಲಗಳಲ್ಲಿ ಅಷ್ಟೂ ಜನ ನಿಂತು ಬೇಸತ್ತು ಸಾಕು ಅಂದಿದ್ದಾರೆ, ಅಂದಷ್ಟೂ ಹುಳ ಉಂಡಿದ್ದಾರೆ. ಆಕೆ ಎದ್ದು ಮುನವಳ್ಳಿ ಸಾಹೇಬರ ಕೋಣೆಗೆ ಹೋದಳು.

ರಾಜಶೇಖರ ಮುನವಳ್ಳಿ ಈ ಕೇಂದ್ರದ ಮುಖ್ಯಸ್ಥರು. ಸಿಟ್ಟು ಮಾಡದ ಮನುಷ್ಯ. ಆಕೆ ಹೇಳಿದ್ದನ್ನೆಲ್ಲ ಕೇಳಿ, ಚಹಾ ತರಿಸಿ, ಬಿಸ್ಕೀಟಿನ ತಟ್ಟೆಯನ್ನು ಆಕೆಯ ಕಡೆ ಸರಿಸಿದರು.

"ನಮಗ ಗೊತ್ತಿಲ್ಲ ಅಂತ ಅನಕೊಂಡೀರೇನು, ಇಂದುಮತಿಯವರ? ಮೊದಲನೇ ವರ್ಷ ಅದು ತಪ್ಪೇ. ಶಬ್ದಕೋಶ ತಗದು ಆಜ್ಞಾ ಬರದವರಿಗೆ ಕನ್ನಡ ಬರ್ತಿದ್ದಿಲ್ಲ. ವರ್ಷದ ಕೊನೀಗೆ ಗೊತ್ತಾತು. ತಿದ್ದಬೇಕು ಅನ್ನೂದರಾಗ ಲೆಕ್ಕಾ ನೋಡಿದ್ವಿ. ತಪ್ಪು ಲಾಭ ಕೊಟ್ಟಿತ್ತು. ಲಾಭ ಕೊಡೂದನ್ನ ತಪ್ಪು ಅಂತ ಹೆಂಗ ಅನ್ನೂದು?"

"ಜನಾ ಹುಳಾ ತಿನ್ನಾಕ ಹತ್ಯಾರ, ಸರ್."

"ಆರ್ಥಿಕ ಹಾನಿಯ ಗಡಿ ಅಂತ ಕಾಲೇಜಿನಾಗ ಓದೀರಿಲ್ಲ? ಆ ಗಡಿ ದಾಟಿ ಒಂದು ಹುಳಾನೂ ನಾವು ಬಿಟ್ಟಿಲ್ಲ."

ಆ ಗಡಿ ಆಕೆಗೆ ಚೆನ್ನಾಗಿ ಗೊತ್ತಿತ್ತು. ಹುಳ ಕಂಡ ಕೂಡಲೇ ಔಷಧದ ಡಬ್ಬಿ ಹಿಡಿದು ಓಡಬೇಡ. ಹುಳ ಮಾಡುವ ನಷ್ಟ ಔಷಧದ ಖರ್ಚಿಗಿಂತ ಹೆಚ್ಚಾದಾಗ ಮಾತ್ರ ಕೈ ಹಾಕು ಎಂಬ ವಿವೇಕದ ಮಾತು ಅದು. ಅದನ್ನು ಕೇಳಿಯೇ ಇಂದುಮತಿ ಈ ವಿದ್ಯೆಗೆ ಮನಸೋತಿದ್ದಳು. "ಗಡಿ ಇರೂದು ಅದರ ಮ್ಯಾಲ ಹೋಗಬಾರದು ಅಂತ, ಸರ್. ಅದಕ್ಕಿಂತ ಕೆಳಗ ಇಳೀಬಾರದು ಅಂತಲ್ಲ," ಅಂದಳು.

"ಕೆಳಗ ಇಳದ್ರ ನಾವು ಉಳಿಸಿದ ಬೆಳಿ ಅಂತ ಏನಿರ್ತೈತಿ? ಅರ್ಧಾ ಯಾತರಾಗಿಂದು ತಗೊಳೂದು?" ಅವರು ಬಿಸ್ಕೀಟನ್ನು ಚಹಾದಲ್ಲಿ ಅದ್ದಿ ಬಾಯಿಗೆ ಹಾಕಿಕೊಂಡರು. "ಇಷ್ಟಕ್ಕೂ ಪ್ಯಾಟಿ ಮಂದೀನ ಕೇಳ್ರಿ. ಅವರಿಗೆ ತೂತು ಬೇಕು. ಹುಳಾ ತಿಂದದ್ದರಾಗ ವಿಷ ಇಲ್ಲ ಅಂತ ನಾವ ಕಲಿಸೀವಿ. ನಮ್ಮ ಪಾಲಿನ ಕಾಯಾಗ ಒಂದ ತೂತು ಇದ್ದದ್ದು ಆರಿಸಿ, ಒಳಗಿಂದ ಹುಳಾ ಹೀರಿ ತಗದು, ಗಾಜಿನ ಅಂಗಡ್ಯಾಗ ಇಡ್ತೀವಿ. ದುಪ್ಪಟ್ಟು ರೇಟು. ತೂತಿಲ್ಲದ ಬದನಿಕಾಯಿ ಈಗ ಯಾರಿಗೆ ಬೇಕಾಗೇತಿ?"

ಇಂದುಮತಿ ಚಹಾದ ಕಪ್ಪನ್ನು ಕೆಳಗಿಟ್ಟಳು. "ನನಗ ನಿಮ್ಮ ಲೆಕ್ಕಾ ತಿಳಿಯೂದಿಲ್ಲ, ಸರ್. ಹೇಸಿಗಿ ತಿಳೀತೈತಿ."

ಮುನವಳ್ಳಿಯವರು ಆಗಲೂ ಸಿಟ್ಟಾಗಲಿಲ್ಲ. ಪರದೆಯ ಮೇಲೆ ಮುತ್ತಗಟ್ಟಿಯನ್ನು ದೊಡ್ಡದು ಮಾಡಿ ಒಂದು ಚುಕ್ಕೆಯ ಮೇಲೆ ಬೆರಳಿಟ್ಟರು. "ಇದು ನಿಮ್ಮ ಚಿಗವ್ವನ ಹೊಲ ಅಲ್ಲ? ಇದೊಂದಕ್ಕ ಸಾಕು ಅಂದ್ರ ನಿಲ್ಲಿಸು ಅಂತ ಮಾಡೂಣು. ಆಶ್ರಯ ಹೊಲಾನೂ ಬ್ಯಾಡ. ನಮ್ಮ ಮಂದೀಗೆ ನಾವು ಅಷ್ಟೂ ಮಾಡಲಿಲ್ಲಂದ್ರ ಹೆಂಗ?"

ಬೇಡ ಎನ್ನಬೇಕೆಂದು ಆಕೆ ಬಾಯಿ ತೆರೆದಳು. ಬಾವಿಯ ಪಕ್ಕದ ಆ ಒಂದು ಎಕರೆ ಕಣ್ಣ ಮುಂದೆ ಬಂತು. ನಾಲಿಗೆ ಹೊರಳಲಿಲ್ಲ. ಗೂಡಿನ ಹಾಗೆಯೇ ಮುನವಳ್ಳಿಯವರೂ ತಮಗೆ ಬೇಕಾದಂತೆ ಅರ್ಥ ಮಾಡಿಕೊಂಡು ಧನ್ಯವಾದ ಹೇಳಿದರು.

ಕೆಲವು ವಾರಗಳಲ್ಲಿ ನೀಲವ್ವನ ಹೊಲ ಮೊದಲಿನ ಹೊಲವಾಯಿತು. ಬಾಡಿ ಜೋಲುತ್ತಿದ್ದ ಗಿಡಗಳ ತುದಿ ಚಿಗುರಿದವು. ಕಾಯಿ ನುಣ್ಣಗೆ, ನೇರಳೆ ಬಣ್ಣ ತಿರುಗಿ, ಕೈಯಲ್ಲಿ ಹಿಡಿದರೆ ಬಿಡಲು ಮನಸ್ಸಾಗದ ಹಾಗೆ ಬಂದವು. ಇಂದುಮತಿ ಭಾನುವಾರ ಬಂದು ಎರಡೆರಡು ಸಲ ಬಡಿಸಿಕೊಂಡು ಉಂಡಳು. ಆದರೆ ಕೊಠಡಿಯ ಪರದೆಯ ಮೇಲೆ ಆಕೆ ನೋಡಬಾರದೆಂದುಕೊಂಡೂ ನೋಡಿದ್ದ ಸಂಗತಿಯೊಂದಿತ್ತು. ಚಿಗವ್ವನ ಹೊಲದಿಂದ ಅಳಿದ ಹಳದಿ ಬದುವಿನ ಆಚೆ ದ್ಯಾಮವ್ವನ ಹೊಲದಲ್ಲಿ ಎರಡರಷ್ಟಾಗಿತ್ತು. ಊರಿಗೆ ಇಷ್ಟು ಹುಳ ಎಂದು ಲೆಕ್ಕ ಹಾಕಿಟ್ಟ ಮೇಲೆ ಒಬ್ಬರದು ಕಡಿಮೆಯಾದರೆ ಇನ್ನೊಬ್ಬರ ತಲೆಗೆ ಬರಲೇಬೇಕಲ್ಲ.

ಆ ಭಾನುವಾರವೇ ದ್ಯಾಮವ್ವ ಬುಟ್ಟಿ ಹೊತ್ತುಕೊಂಡು ಬಂದಳು. ನೀಲವ್ವನ ವಾರಗಿತ್ತಿಯಂಥ ನೆರೆಯವಳು, ಜಗಳಕ್ಕೂ ಹರಟೆಗೂ ಅವಳೇ. ಬುಟ್ಟಿಯನ್ನು ಅಂಗಳದಲ್ಲಿ ಕವುಚಿದಳು. ಕೊಳೆತ ಬದನೆಗಳ ನಾತ ಮೂಗಿಗೆ ಹೊಡೆಯಿತು. ಒಂದೊಂದು ಕಾಯಿಯ ತೂತಿನಿಂದಲೂ ಕಪ್ಪು ಹಿಕ್ಕೆ ಸೋರಿತ್ತು. ಒಡೆದ ಕಾಯಿಯೊಂದರೊಳಗಿಂದ ಹುಳಗಳು ಒಂದರ ಮೇಲೊಂದು ಹೊರಳುತ್ತ ಹೊರಗೆ ಬಂದವು.

"ಎಮ್ಮಿಗೆ ಹಾಕಿದ್ರ ಎಮ್ಮಿ ಮೂಸಿ ಮಾರಿ ತಿರುವಿತು," ಅಂದಳು ದ್ಯಾಮವ್ವ. "ನಿನ್ನ ಹೊಲದಾಗ ಒಂದೂ ಇಲ್ಲ. ಏನ್ ಮಾಡೀಯವಾ ನೀಲವ್ವ, ನನಗೂ ಒಂದೀಟು ಹೇಳು."

ನೀಲವ್ವನಿಗೆ ಹೆಮ್ಮೆ. "ಏನೂ ಮಾಡಿಲ್ಲ. ಸಂಜೀಕ ಅದು ಕೇಳಿದಾಗ ಗಟ್ಟಿಸಿ ಹೇಳು. ಸಾಕು ಅಂತ ಎರಡ ಸಲ ಹೇಳು, ಮೂರ ಸಲ ಹೇಳು. ನಾ ಹಂಗ ಹೇಳಿ ಹೇಳಿನ ಹೋದ್ವು."

"ನಾನೂ ಹೇಳ್ತೀನಲ್ಲ."

"ಒದರಿ ಹೇಳಬೇಕ. ಗೂಡಿಗೆ ಕಿವಿ ಮಂದ ಅದಾವು."

ಇಂದುಮತಿ ಕೈತೊಳೆಯಲು ಹಿತ್ತಿಲಿಗೆ ಹೋದವಳು ಅಲ್ಲೇ ಬಗ್ಗಿ ಉಂಡದ್ದನ್ನೆಲ್ಲ ಕಕ್ಕಿದಳು. ಅಂಗಳದ ಹುಳ ನೋಡಿ ಹಾಗಾಯಿತೆಂದು ಅವರಿಬ್ಬರೂ ನಕ್ಕರು. ಆಕೆಗೆ ಅಸಹ್ಯವಾದದ್ದು ಹುಳ ನೋಡಿ ಅಲ್ಲ. ಬಾಯಿ ಒರೆಸಿಕೊಂಡು ಬಂದು, ದ್ಯಾಮವ್ವನ ಎದುರಿಗೇ, ಹಳದಿ ದೀಪದಿಂದ ಹಿಡಿದು ಮುನವಳ್ಳಿಯವರ ಬೆರಳಿನವರೆಗೆ ಎಲ್ಲವನ್ನೂ ಹೇಳಿದಳು. ತಾನು ಸುಮ್ಮನಿದ್ದುದನ್ನೂ ಬಿಡಲಿಲ್ಲ.

ದ್ಯಾಮವ್ವ ಬಾಯಿಗೆ ಸೆರಗು ಹಿಡಿದುಕೊಂಡಳು. ನೀಲವ್ವ ಇಂದುಮತಿಯ ತಟ್ಟೆಯನ್ನು ಎತ್ತಿ, ಉಳಿದ ಎಣ್ಣೆಗಾಯಿಯನ್ನು ಕೊಳೆತ ರಾಶಿಯ ಮೇಲೆ ಸುರಿದಳು.

"ಹಂಗಂದ್ರ ಇಷ್ಟ ದಿನಾ ಹುಳಾ ಸಾಕೀನಿ ನಾ," ಅಂದಳು. "ನಿನ್ನೂ ಸಾಕೀನಿ."

ಇಂದುಮತಿ ತಲೆ ತಗ್ಗಿಸಿದಳು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

"ಅಳಬ್ಯಾಡ. ಆ ಗೂಡಿಗೆ ಏನಂದ್ರ ತಿಳೀತೈತಿ, ಅದನ್ನ ಹೇಳು," ನೀಲವ್ವ ಕೇಳಿದಳು.

"ನಿಲ್ಲಿಸು ಅಂದ್ರ ಒಂದಿನ ನಿಲ್ಲಸ್ತೈತಿ, ಮರುದಿನಾ ಮತ್ತ ಕೇಳ್ತೈತಿ. ಇಲ್ಲಿ ನಿಂತದ್ದು ಇನ್ನೊಬ್ಬರ ಹೊಲಕ್ಕ ಹೋಗ್ತೈತಿ. ಬ್ಯಾಡ ಅಂದ್ರ ಕರಾರ ಮುರೀತೈತಿ. ಆದರ ಕಣಜಾನೂ ಬರೂದಿಲ್ಲ, ಚಿಗವ್ವ. ಮತ್ತ ಎಲ್ಲಾ ಕೈಲೇ ಮಾಡಬೇಕ. ಬಾಡಿದ ತುದಿ ಚಿವುಟಿ ಸುಡಬೇಕ, ಪತಂಗ ಹಿಡಿಯಾಕ ಬಲಿ ಕಟ್ಟಬೇಕ."

"ಕೈ ಅದಾವಲ್ಲ," ಅಂದಳು ನೀಲವ್ವ. ಅಷ್ಟು ಹೇಳಿ ದ್ಯಾಮವ್ವನನ್ನು ಕರೆದುಕೊಂಡು ಓಣಿ ಸುತ್ತಲು ಹೊರಟಳು.

ಮರುದಿನ ಸಂಜೆ ಇಂದುಮತಿ ನಿಯಂತ್ರಣ ಕೊಠಡಿಯಲ್ಲಿದ್ದಳು. ಗೂಡುಗಳು ಪ್ರಶ್ನೆ ಕೇಳುವ ಹೊತ್ತಿಗೆ ಮುತ್ತಗಟ್ಟಿಯ ಮೂಲೆಯಲ್ಲೊಂದು ಚುಕ್ಕೆ ಆರಿತು. ಪಕ್ಕದ್ದು ಆರಿತು. ಆಮೇಲೆ ಇಡೀ ಊರು ಒಂದೊಂದಾಗಿ ಕಪ್ಪಾಯಿತು. ಯಾರೋ ಕಿವಿಗವಸು ತೆಗೆದು ಧ್ವನಿ ಜೋರು ಮಾಡಿದರು. 'ಬೇಡ ಎಂದರೆ ಸೇವೆ ರದ್ದಾಗುತ್ತದೆ, ಖಚಿತವೇ?' ಎಂದು ಗೂಡು ಕೇಳುತ್ತಿತ್ತು. ಬ್ಯಾಡ, ಬ್ಯಾಡ, ಬ್ಯಾಡ ಎಂದು ಹೆಂಗಸರ ದನಿಗಳು ಒಂದರ ಮೇಲೊಂದು ಬಂದವು. ಇಂದುಮತಿ ತನ್ನ ಗುರುತಿನ ಬಿಲ್ಲೆಯನ್ನು ಮೇಜಿನ ಮೇಲಿಟ್ಟಳು. ಬಾಗಿಲಲ್ಲಿ ನಿಂತಿದ್ದ ಮುನವಳ್ಳಿಯವರು ದಾರಿ ಬಿಟ್ಟುಕೊಟ್ಟರು.

"ನಾ ಏನೂ ಮಾಡೂದಿಲ್ಲ," ಅಂದರು. "ಸಂತಿಗೆ ಹೋದಾಗ ನಿಮಗ ತಿಳೀತೈತಿ."

ಮುಂದಿನ ಬೆಳೆಗೆ ಇಂದುಮತಿ ಮುತ್ತಗಟ್ಟಿಯಲ್ಲೇ ಉಳಿದಳು. ಹೆಣ್ಣುಪತಂಗದ ವಾಸನೆಯ ಬಿಲ್ಲೆ ಇಟ್ಟು, ಗಂಡುಪತಂಗಗಳನ್ನು ನೀರಿನ ಬೋಗುಣಿಯಲ್ಲಿ ಕೆಡವುವುದನ್ನು ಹೇಳಿಕೊಟ್ಟಳು. ಹೆಂಗಸರು ಬೆಳಗ್ಗೆ ಎದ್ದವರೇ ಬಾಡಿದ ತುದಿಗಳನ್ನು ಚಿವುಟಿ ಮಡಿಲಲ್ಲಿ ತುಂಬಿಕೊಂಡು ಬಂದು ಬೆಂಕಿಗೆ ಹಾಕಿದರು. ಬದುವಿನ ಮೇಲೆ ಕೊತ್ತಂಬರಿ, ಜೋಳ ಬಿತ್ತಿದ್ದರಿಂದ ಎಲ್ಲಿಂದಲೋ ಕಾಡುಕಣಜಗಳೂ ಬಂದವು, ಯಾರನ್ನೂ ಪಾಲು ಕೇಳದೆ. ಬೆನ್ನು ಮುರಿಯುವ ಕೆಲಸ. ಆದರೆ ಕಾಯಿ ಬಂತು ನೋಡಿ, ಒಂದು ಕಲೆಯಿಲ್ಲ, ಒಂದು ತೂತಿಲ್ಲ. ನೀಲವ್ವ ಮೊದಲ ಕೊಯ್ಲಿನ ಕಾಯಿಗಳನ್ನು ಸೆರಗಿನಿಂದ ಒರೆಸಿ ಒರೆಸಿ ಬುಟ್ಟಿಗೆ ಹಾಕಿದಳು. ಹೊಲ ಉಳಿಯಬೇಕಾದರೆ ಇದು ಮಾರಾಟವಾಗಬೇಕಿತ್ತು. ಬರುವ ಬೆಳೆಗೆ ಬೀಜ, ನೀರು ಎಲ್ಲ ಇದರಿಂದಲೇ.

ಬೆಳಗಾವಿಯ ಸಂತೆಯಲ್ಲಿ ಬೆಳಗಿನಿಂದ ಕೂತರೂ ರಾಶಿ ಕರಗಲಿಲ್ಲ. ಜನ ಬರುತ್ತಿದ್ದರು, ಕಾಯಿ ಎತ್ತಿ ಹಿಂದುಮುಂದು ನೋಡುತ್ತಿದ್ದರು, ಮೂಗು ಮುರಿದು ಇಟ್ಟು ಹೋಗುತ್ತಿದ್ದರು. ರೇಷ್ಮೆಯಂಥ ಸೀರೆ ಉಟ್ಟ ಹೆಂಗಸೊಬ್ಬಳು ಬಾಯಿಬಿಟ್ಟೇ ಹೇಳಿದಳು.

"ಏನವಾ, ಇಷ್ಟು ಔಷಧ ಹೊಡದೀರಿ? ಒಂದ ತೂತಾದ್ರೂ ಬ್ಯಾಡ? ಇದನ್ನ ಮಕ್ಕಳಿಗೆ ಹೆಂಗ ಹಾಕೂದು?"

"ಔಷಧ ಹೊಡದಿಲ್ಲರೀ. ಕೈಲೇ ಹುಳಾ ಆರಿಸೀವಿ," ನೀಲವ್ವ ಎರಡೂ ಅಂಗೈ ಚಾಚಿ ತೋರಿಸಿದಳು.

"ಎಲ್ಲಾರೂ ಹಂಗ ಅಂತಾರ." ಆ ಹೆಂಗಸು ಎದುರಿನ ಗಾಜಿನ ಅಂಗಡಿಗೆ ಹೋಗಿ, ಹೊಲಗಾವಲಿನ ಒಂದು ತೂತಿನ ಬದನೆಗಳ ಪೊಟ್ಟಣವನ್ನು ದುಪ್ಪಟ್ಟು ಕೊಟ್ಟು ತೆಗೆದುಕೊಂಡಳು.

ಮಧ್ಯಾಹ್ನ ದಾಟಿತು. ಬಿಸಿಲಿಗೆ ಕಾಯಿಗಳ ಹೊಳಪು ಇಳಿಯತೊಡಗಿತು. ದ್ಯಾಮವ್ವ ಚೀಲ ಹೊಲಿಯಲು ತಂದಿದ್ದ ದಬ್ಬಣವನ್ನು ಗೋಣಿಯಿಂದ ಕಿತ್ತಳು. ಯಾರನ್ನೂ ಕೇಳದೆ ಒಂದು ಬದನೆಯ ಹೊಟ್ಟೆಗೆ ಚುಚ್ಚಿ ತಿರುವಿದಳು. ನೀಲವ್ವ ಮುಖ ಆಚೆ ತಿರುಗಿಸಿ ಕೂತಳು. ಬುಟ್ಟಿಯ ಕಡೆ ನೋಡದೆಯೇ ಕೊನೆಗೆ ಬಾಯಿಬಿಟ್ಟಳು.

"ಅಲ್ಲೆಲ್ಲ ಚುಚ್ಚಿದ್ರ ಗೊತ್ತಾಗ್ತೈತಿ. ಇಂದೂ, ನೀ ಓದಿದಾಕಿ. ಹುಳಾ ಎಲ್ಲಿಂದ ಒಳಗ ಹೋಗ್ತೈತಿ, ಆಕೀಗೆ ತೋರ್ಸು."

ಹುಳ ಒಳಹೋಗುವುದು ತೊಟ್ಟಿನ ಟೋಪಿಯ ಅಂಚಿನಲ್ಲಿ. ಇಂದುಮತಿ ದಬ್ಬಣ ಇಸಿದುಕೊಂಡಳು. ಅಂಗೈಯಲ್ಲಿ ಕಾಯಿ ತಣ್ಣಗೆ, ಗಟ್ಟಿಯಾಗಿ, ಎಲ್ಲೂ ಕೊಂಕಿಲ್ಲದೆ ಕೂತಿತ್ತು. ಟೋಪಿಯ ಅಂಚಿಗೆ ಮೊನೆ ಇಟ್ಟು ಒತ್ತಿದಳು. ಸಣ್ಣ ಸದ್ದಾಯಿತು.

ಚಷ್ಮಾ ಹಾಕಿದ ಗೃಹಸ್ಥರೊಬ್ಬರು ನಿಂತು ಆ ಕಾಯಿಯನ್ನು ಎತ್ತಿದರು, ತಿರುವಿ ನೋಡಿದರು, ತೂತು ಕಂಡು ಮುಖ ಅರಳಿಸಿದರು. "ಇದು ನೋಡ್ರಿ ಖರೇ ಬದನಿಕಾಯಿ. ಎರಡು ಕಿಲೋ ಕೊಡ್ರಿ. ಎಲ್ಲಾ ಇಂಥಾವ ಇರ್ಲಿ."

ನೀಲವ್ವ ತಕ್ಕಡಿ ಎತ್ತಿದಳು. ಇಂದುಮತಿಯ ಬಾಯಿಗೆ ಹುಳಿನೀರು ಬಂತು. ಆಕೆ ಅದನ್ನು ನುಂಗಿಕೊಂಡು ಇನ್ನೊಂದು ಬದನೆಯನ್ನು ಕೈಗೆ ತೆಗೆದುಕೊಂಡಳು.